ನೀರು ಬಿಡದ ಮನೆ

“ನೆಲಕ್ಕೆ ಸಲಿಕೆ ತಾಗಿಸಿ ನೋಡು! ಆ ಕೈ ಅಲ್ಲೇ ಬಿದ್ದುಹೋಗ್ಲಿ!”

ಉಮ್ಮಿತಾಬ ಎದ್ದು ನಿಲ್ಲಲಿಲ್ಲ. ನಡುಮನೆಯಲ್ಲಿ, ಗಂಡನನ್ನು ಹೂಳಿದ್ದ ಜಾಗದ ಮೇಲೆಯೇ, ಕಾಲು ಚಾಚಿ ಕೂತಿದ್ದಳು. ಶಾಪ ಹಾಕಿದ್ದು ನನಗಲ್ಲ, ನನ್ನ ಹಿಂದೆ ಸಲಿಕೆ ಹಿಡಿದು ನಿಂತಿದ್ದ ದುದುವಿಗೆ. ದುದು ಅರಮನೆಯ ಪಹರೆಯವನು, ಎತ್ತಿನಂಥ ಆಳು. ಅವನು ಸಲಿಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಒಡೆಯಾ, ನಂಗಿರೋದು ಎರಡೇ ಕೈ.”

“ಬಾಯಿ ಒಂದೇ ಇರೋದು. ಅದನ್ನ ಮುಚ್ಕೊಂಡಿರು,” ಅಂದೆ.

ನನ್ನ ಹೆಸರು ಇಮ್ತಲಿಕ. ಅಗಾದೆ ನಗರದಲ್ಲಿ ಅರಮನೆಯ ಪರವಾಗಿ ತನಿಖೆ ಮಾಡುವವನು. ನಮ್ಮ ಕಡೆ ತನಿಖೆಯವನನ್ನು ಕರೆಯುವ ಹೆಸರಿನಿಂದಲೇ ಮೂಲೆಯಲ್ಲಿ ಹೊಂಚಿ ಕೂರುವ ಪಿಶಾಚಿಯನ್ನೂ ಕರೆಯುತ್ತಾರೆ. ನಾನು ಓಣಿಗೆ ಕಾಲಿಟ್ಟರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಾರೆ. ಯಾವ ಅರ್ಥಕ್ಕೆ ಹೆದರಿ ಎಂದು ನಾನು ವಿಚಾರಿಸಲು ಹೋಗಿಲ್ಲ.

ರಿಮುಷ್ ದೊರೆ ಕೊಲೆಯಾದ ಮೇಲೆ ಮುಚ್ಚಿಟ್ಟಿದ್ದ ಅವರ ಕೋಣೆಯ ಬಾಗಿಲ ಮೇಲೆ ಸತ್ತವನ ಮುದ್ರೆ ಹಸಿಹಸಿಯಾಗಿ ಕಂಡ ಬೆಳಗಿನಿಂದ ನನಗೆ ಊಟ ರುಚಿಸಿಲ್ಲ. ಮುದ್ರೆ ಈಕೆಯ ಗಂಡ ಇಷ್ಮೆಯದು, ಮುಂಗೈಗೆ ದಾರದಲ್ಲಿ ಕಟ್ಟಿಕೊಂಡು ಹಸಿ ಜೇಡಿಯ ಮೇಲೆ ಉರುಳಿಸುವ ಕಲ್ಲಿನ ಉರುಳೆ. ದೊರೆಯ ಬಟ್ಟಲು ಹಿಡಿಯುತ್ತ, ಹೆಂಡದ ಉಗ್ರಾಣ ನೋಡಿಕೊಳ್ಳುತ್ತಿದ್ದವನು, ದೊರೆ ಕೊಲೆಯಾದ ಬೆನ್ನಿಗೇ ಜ್ವರ ಬಂದು ಸತ್ತ. ಮುದ್ರೆಯ ಸಮೇತ ಇದೇ ನೆಲದಡಿ ಮಣ್ಣಾದ. ಆ ಬಾಗಿಲು ಕಾಯುತ್ತಿದ್ದವನು ಅವನ ಒಬ್ಬನೇ ಮಗ ಉಬಾರ. ಅಪ್ಪನ ಗೋರಿ ತೋಡಿ ಮುದ್ರೆ ಕದ್ದ ಎಂಬ ಆರೋಪ ಹೊತ್ತು ಸೆರೆಯಲ್ಲಿ ಕೂತಿದ್ದಾನೆ.

ಇವತ್ತು ಹೊತ್ತು ಮುಳುಗುವುದರೊಳಗೆ ಅವನನ್ನು ಹೊಳೆದೇವರ ಪರೀಕ್ಷೆಗೆ ತಳ್ಳುತ್ತಾರೆ. ತೇಲಿದರೆ ನಿರಪರಾಧಿ, ಮುಳುಗಿದರೆ ಕಳ್ಳ. ಬಡಗಣ ಬೆಟ್ಟದ ಹಿಮ ಕರಗಿ ಹೊಳೆ ಕೆಂಪಗೆ ಹುಚ್ಚೆದ್ದು ಹರಿಯುವ ಈ ತಿಂಗಳಲ್ಲಿ ತೇಲಿದವರನ್ನು ನಾನು ನೋಡಿಲ್ಲ.

“ತಾಯಿ, ಗೋರಿ ತೆಗೆದರೆ ಒಂದು ಇತ್ಯರ್ಥ ಆಗುತ್ತೆ,” ಅಂದೆ. “ಮುದ್ರೆ ಒಳಗೇ ಇದ್ರೆ, ಬಾಗಿಲ ಮೇಲಿನದು ಯಾರೋ ಮಾಡಿಸಿದ ನಕಲು. ನಿನ್ನ ಮಗ ಮನೆಗೆ ಬರ್ತಾನೆ.”

“ಇಲ್ದಿದ್ರೆ?”

ನನ್ನ ಕಣ್ಣು ದುದುವಿನ ಸಲಿಕೆಯ ಕಡೆ ಹೋಯಿತು.

“ಇಲ್ದಿದ್ರೆ ನೀನೇ ಅವನ ಕುತ್ತಿಗೆ ಹಿಡಿದು ಹೊಳೆಗೆ ದಬ್ಬಿದ ಹಾಗೆ. ಬೇಡ ಸ್ವಾಮಿ. ಸತ್ತವರನ್ನ ಎಬ್ಬಿಸಬಾರ್ದು. ಊರಲ್ಲಿ ಒಬ್ಬರು ಎದ್ದು ಓಡಾಡ್ತಿರೋದು ಸಾಲ್ದಾ?”

ದುದು ಬಾಗಿಲ ಕಡೆ ನೋಡಿದ. ನಡು ಮಧ್ಯಾಹ್ನ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆದರೂ ನಾನೂ ನೋಡಿದೆ.

ರಿಮುಷ್ ದೊರೆ ಸತ್ತದ್ದು ಕತ್ತಿಯಿಂದಲ್ಲ. ದೊರೆಯ ಮುಂದೆ ಆಯುಧ ಒಯ್ಯುವಂತಿಲ್ಲ; ಅದಕ್ಕೇ ಆಸ್ಥಾನದವರು ತಂತಮ್ಮ ಕಲ್ಲಿನ ಮುದ್ರೆಗಳಿಂದಲೇ ಜಜ್ಜಿ ಕೊಂದರು ಎಂದು ಊರು ಹೇಳುತ್ತದೆ. ಯಾರು ಯಾರು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಈಗ ದೊರೆಯ ಒಡಹುಟ್ಟಿದ ಮನಿಷ್ತುಷು ಗದ್ದುಗೆಯ ಮೇಲಿದ್ದಾರೆ. ಅರಮನೆಯ ಹೊಸ್ತಿಲಲ್ಲಿ ಒಂದು ಬುಟ್ಟಿ ಇಟ್ಟಿದ್ದಾರೆ, ಒಳಗೆ ಹೋಗುವವರು ಮುದ್ರೆ ಬಿಚ್ಚಿ ಅದರಲ್ಲಿ ಹಾಕಿ ಹೋಗಬೇಕು. ಆ ಬುಟ್ಟಿಯಲ್ಲಿ ಕಲ್ಲಿಗೆ ಕಲ್ಲು ತಾಗುವ ಸದ್ದು ಕೇಳಿದರೆ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ.

ಸತ್ತ ದೊರೆಗೆ ಬಾಯಾರಿಕೆ ತೀರಿಲ್ಲ ಎಂಬುದು ಊರಿನ ನಂಬಿಕೆ. ಸಂಜೆಯಾದರೆ ಹೊಸ್ತಿಲ ಹತ್ತಿರ ಯಾರೋ ನಿಂತು ನೀರು ಕೇಳುತ್ತಾರೆ ಎನ್ನುತ್ತಾರೆ ಕುಂಬಾರಗೇರಿಯವರು, ನೇಕಾರಗೇರಿಯವರು, ಗುಡಿಯ ಪೂಜಾರಿ ಕೂಡ. ನಾನೂ ಒಮ್ಮೆ ಕೇಳಿದ್ದೇನೆ. ತನಿಖೆಯವನು ಎದ್ದು ಹೋಗಿ ನೋಡಬೇಕಿತ್ತು. ನಾನು ಕಂಬಳಿ ಎಳೆದುಕೊಂಡೆ.

ಚೀಲದಿಂದ ಬಾಗಿಲ ಜೇಡಿಮಣ್ಣಿನ ಹೆಂಟೆ ತೆಗೆದು ಉಮ್ಮಿತಾಬಳ ಮುಂದೆ ಇಟ್ಟೆ. ಒಣಗಿದ್ದರೂ ಅಚ್ಚು ಸ್ಪಷ್ಟವಾಗಿತ್ತು. ಗೂಳಿಯ ಮೈ, ಮನುಷ್ಯನ ಮುಖ, ಎರಡೂ ಕೈಯಲ್ಲಿ ಎತ್ತಿ ಹಿಡಿದ ಕೊಡ, ಕೊಡದಿಂದ ಧುಮುಕುವ ನೀರು. ಎಡಗೊಂಬಿನ ತುದಿ ಮುಕ್ಕಾಗಿತ್ತು.

“ಈ ಕೊಂಬು ಮುಕ್ಕಾಗಿದ್ದು ಹೇಗೆ?”

ಅವಳು ನೋಡಿದಳು. ತುಟಿಯ ಅಂಚಿನಲ್ಲಿ ಒಂದು ನಗು ಇಣುಕಿತು, ಅವಳಿಗೇ ಗೊತ್ತಿಲ್ಲದೆ.

“ಉಬಾರ ಅಂಬೆಗಾಲಿಡ್ತಿದ್ದಾಗ ಮುದ್ರೆ ಕಿತ್ಕೊಂಡು ಅಂಗಳದ ಕಲ್ಲಿಗೆ ಎಸ್ದ. ಅವರಪ್ಪ ಹೊಡೀತಾರೆ ಅಂದ್ಕೊಂಡೆ. ಅವರು ನಕ್ಕುಬಿಟ್ರು. ‘ಇರ್ಲಿ ಬಿಡು, ಇನ್ಮೇಲೆ ಯಾವ ಕಳ್ಳನೂ ಇದನ್ನ ನಕಲು ಮಾಡಕ್ಕಾಗಲ್ಲ’ ಅಂದ್ರು.”

ಅಂದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಹಾಗಾದ್ರೆ ಇದು ನಕಲಲ್ಲ,” ಅಂದೆ. “ಅಸಲಿ.”

ನಾನು ಹೆಂಟೆಯನ್ನು ಬೆಳಕಿಗೆ ತಿರುಗಿಸಿದೆ. ಮುದ್ರೆಯನ್ನು ಒಂದೇ ಉರುಳಿಗೆ, ಸೊಟ್ಟಗಾಗದಂತೆ ಉರುಳಿಸಿ, ಕೊನೆಗೆ ಹೆಬ್ಬೆರಳಿನಿಂದ ಅಂಚು ಒತ್ತಿದ್ದರು. ಈಟಿ ಹಿಡಿಯುವ ಉಬಾರನ ಕೈಗೆ ಈ ನಯ ಬರುವುದಿಲ್ಲ. ಕದ್ದ ಮುದ್ರೆಯನ್ನು ಅವಸರದಲ್ಲಿ ಒತ್ತಿದವನ ಕೈಗೂ ಬರುವುದಿಲ್ಲ. ಹೆಂಡದ ಗಡಿಗೆಗಳಿಗೆ ಮುದ್ರೆ ಹಾಕುತ್ತಲೇ ತಲೆಗೂದಲು ಬೆಳ್ಳಗಾದವನ ಕೆಲಸ ಇದು.

ನಿನ್ನೆ ಸೆರೆಮನೆಯಲ್ಲಿ ಉಬಾರನನ್ನು ಕಂಡಿದ್ದೆ. ಹೊಳೆಯ ಬಗ್ಗೆ ಅವನು ಒಂದು ಮಾತೂ ಕೇಳಲಿಲ್ಲ. “ಅಮ್ಮ ಊಟ ಮಾಡಿದ್ಲಾ ಸ್ವಾಮಿ?” ಅಂದ, ಅಷ್ಟೇ. ನನಗೆ ಆ ಹುಡುಗನ ಮೇಲೆ ಪ್ರೀತಿ ಬಂದುಬಿಟ್ಟಿದೆ. ಈ ಕೆಲಸದಲ್ಲಿ ಅದು ಬರಬಾರದ ರೋಗ.

ಎದ್ದು ನಡುಮನೆಯನ್ನು ಒಂದು ಸುತ್ತು ನೋಡಿದೆ. ಬಾಗಿಲ ಪಕ್ಕದಲ್ಲಿ ತುಂಬಿದ ನೀರಿನ ಹೂಜಿ. ಒಲೆಯ ಹತ್ತಿರ ಬಟ್ಟೆ ಮುಚ್ಚಿದ ರೊಟ್ಟಿ, ಈರುಳ್ಳಿ. ನೆರಳಿನ ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟ ಒಂದು ಗಡಿಗೆ.

“ಅದೇನು?”

“ಉಬಾರನಿಗೆ. ತಣ್ಣಗಿರೋ ಖರ್ಜೂರದ ಹೆಂಡ. ಹೊಳೆಗಿಳಿಯೋ ಮುಂಚೆ ನನ್ನ ಕೈಯಾರೆ ಕುಡಿಸ್ತೀನಿ.”

“ಖರ್ಜೂರದ್ದಾ? ಯಾರು ಕೊಟ್ರು?”

“ಯಾಕೆ, ವಿಧವೆ ಮನೇಲಿ ಒಳ್ಳೇ ಹೆಂಡ ಇರ್ಬಾರ್ದಾ?”

ಮಾತು ಚುಚ್ಚುವಂತಿತ್ತು, ಆದರೆ ಮುಖದಲ್ಲಿ ಒಂದು ಗಳಿಗೆ ಗೆಲುವು ಆಡಿಹೋಯಿತು. ಮಗನ ನೆನಪು ಎಂದುಕೊಂಡು ನಾನು ಮುಂದೆ ನಡೆದೆ.

ಅವಳ ಕಾಲಬಳಿ ನೆಲದ ಸಾರಣೆಯ ಬಣ್ಣ ಬೇರೆಯಾಗಿತ್ತು. ಬಗ್ಗಿ ಬೆರಳಿಟ್ಟೆ. ಒಳಗೆ ಇನ್ನೂ ತಂಪು ಇತ್ತು.

“ಬಿರುಕು ಬಿಟ್ಟಿತ್ತು,” ಅಂದಳು, ಕೇಳುವ ಮೊದಲೇ. “ಮೈದುನ ಇಕುನ ಬಂದು ಸಾರಿಸಿ ಹೋದ.”

ಇಕುನ ಯಾರೆಂದು ನನಗೆ ಗೊತ್ತು. ಅರಮನೆಯ ಹೆಂಡದ ಉಗ್ರಾಣ ಈಗ ಅವನ ಕೈಯಲ್ಲಿದೆ, ಅಣ್ಣ ಸತ್ತ ಮೇಲೆ ಅಣ್ಣನ ಜಾಗವೇ ಸಿಕ್ಕಿತು. ಸಿಹಿ ಮಾತಿನವನು, ಕಂಡಾಗಲೆಲ್ಲ ನನ್ನ ಮಂಡಿನೋವು ವಿಚಾರಿಸುತ್ತಾನೆ. ಉಗ್ರಾಣದವನು ನೆಲ ಸಾರಿಸಲು ಬಂದನೇ ಎಂದು ಒಂದು ಕ್ಷಣ ಅನ್ನಿಸಿತು. ಅತ್ತಿಗೆಯ ಮನೆ, ಬಂದಿರಬಹುದು.

“ಸ್ವಲ್ಪ ಜರುಗು ತಾಯಿ.”

“ಯಾಕೆ?”

“ಕೊಳವೆ ನೋಡಬೇಕು.”

ಅವಳು ಜರುಗಲಿಲ್ಲ. ಉಟ್ಟ ಬಟ್ಟೆಯ ಅಂಚನ್ನು ಎಳೆದು ಏನನ್ನೋ ಮುಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಆ ಅಂಚನ್ನು ಸರಿಸಿದೆ.

ಗೋರಿಯ ತಲೆಯ ಕಡೆ, ನೆಲದ ಮಟ್ಟಕ್ಕೆ ಬಾಯ್ದೆರೆದ ಸುಟ್ಟ ಮಣ್ಣಿನ ಕೊಳವೆ. ಅಗಾದೆಯಲ್ಲಿ ಕೊಳವೆ ಇಲ್ಲದ ಮನೆಯಿಲ್ಲ. ಚಂದ್ರ ಕಾಣದ ದಿನ ಮನೆಯವರೆಲ್ಲ ಸುತ್ತ ಕೂತು ಸತ್ತವರ ಹೆಸರು ಹಿಡಿದು ಕರೆಯುತ್ತಾರೆ, ಕೊಳವೆಗೆ ನೀರು ಬಿಡುತ್ತಾರೆ, ಹೆಂಡ ಬಿಡುತ್ತಾರೆ, ಒಂದು ಚಿಟಿಕೆ ಹಿಟ್ಟು ಉದುರಿಸುತ್ತಾರೆ. ನನ್ನ ಹೆಂಡತಿಯ ಕೊಳವೆಯಂತೂ ಸದಾ ಜಿಡ್ಡು ಜಿಡ್ಡು. ಬದುಕಿದ್ದಾಗ ಅವಳಿಗೆ ಹೆಂಡ ಅಂದರೆ ಆಗುತ್ತಿರಲಿಲ್ಲ, ಈಗ ಬೇಡ ಅನ್ನುವಂತಿಲ್ಲ.

ಈ ಕೊಳವೆಯ ಬಾಯಿಗೆ ಜೇಡಿ ತುರುಕಿ ಮುಚ್ಚಿದ್ದರು. ನಾನು ಬೆರಳು ಹಾಕಿ ಕಿತ್ತೆ. ಒಳಗಿನ ಅಂಚನ್ನು ಸುತ್ತಲೂ ತಡವಿದೆ. ಜಿಡ್ಡಿಲ್ಲ, ಹಿಟ್ಟಿನ ಅಂಟಿಲ್ಲ, ನೀರಿನ ಕಲೆ ಕೂಡ ಇಲ್ಲ. ಕುಂಬಾರನ ಆವಿಗೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಒರಟಾಗಿತ್ತು.

“ಉಮ್ಮಿತಾಬ, ಗಂಡ ಸತ್ತು ಚಂದ್ರ ಎಷ್ಟೋ ಸಲ ಮರೆಯಾಗಿ ಬಂದ. ಒಂದು ಸಲನೂ ನೀರು ಬಿಟ್ಟಿಲ್ಲ ನೀನು.”

“ಗುಡೀಲಿ ಬಿಡ್ತೀನಿ.”

“ಗಂಡ ಇಲ್ಲಿ ಮಲಗಿರುವಾಗ ಗುಡೀಲಿ ಯಾರಿಗೆ ಬಿಡ್ತೀಯ?”

“ನನ್ನಿಷ್ಟ.”

“ತಲೆ ಬೋಳಿಸ್ಕೊಂಡೆ, ಎದೆ ಬಡ್ಕೊಂಡು ಅತ್ತೆ. ಊರೇ ನೋಡಿದೆ. ಅಷ್ಟು ಪ್ರೀತಿಯ ಗಂಡನಿಗೆ ಒಂದು ಗುಟುಕು ನೀರಿಲ್ಲ?”

“ಮನೆಗೆ ಬಂದ ಪಿಶಾಚಿ ಉಪದೇಶ ಮಾಡೋದನ್ನ ಇವತ್ತೇ ಕೇಳಿದ್ದು!”

ದುದು ಕೆಮ್ಮಿದಂತೆ ಮಾಡಿ ನಗು ನುಂಗಿದ. ನನಗೆ ನಗು ಬರಲಿಲ್ಲ. ಪ್ರೀತಿಯಿಲ್ಲದ ಹೆಂಡತಿ ಕೂಡ ನೀರು ಬಿಡುತ್ತಾಳೆ, ಹೆದರಿಕೆಗಾದರೂ ಬಿಡುತ್ತಾಳೆ. ಬಾಯಾರಿದ ಸತ್ತವರು ಏನು ಮಾಡುತ್ತಾರೆಂದು ಈ ಊರಿಗೆ ಈಗ ಚೆನ್ನಾಗಿ ಗೊತ್ತು. ಹಾಗಿದ್ದೂ ಬಿಟ್ಟಿಲ್ಲ ಎಂದರೆ ಒಂದೇ ಕಾರಣ ಇರಬೇಕು. ಅದನ್ನು ಪರೀಕ್ಷಿಸಲು ನೀರು ಸಾಕಿತ್ತು.

ಬಾಗಿಲ ಬಳಿಯ ಹೂಜಿಯನ್ನು ತಂದು ಕೊಳವೆಯ ಪಕ್ಕ ಮಂಡಿಯೂರಿ ಕೂತೆ.

“ಏನ್ ಮಾಡ್ತಿದ್ದೀಯ?”

“ನೀನು ಬಿಡಲ್ಲ. ಪಾಪ, ಬಾಯಾರಿದ ಜೀವ. ಅರಮನೆ ಪರವಾಗಿ ನಾನೇ ಬಿಡ್ತೀನಿ.”

“ಬೇಡ.”

“ಹೆಸರು ಹಿಡಿದು ಕರೀಬೇಕು ಅಲ್ವಾ?” ಹೂಜಿಯನ್ನು ವಾಲಿಸಿದೆ. “ಇಷ್ಮೆ, ಇಲಾಲನ ಮಗನೇ, ಬಾ, ಸತ್ತವರ ಲೋಕದಿಂದ ಬಂದು ಈ ನೀರು...”

ಅವಳು ಹೂಜಿಗೆ ಬೀಸಿ ಹೊಡೆದಳು.

ಹೂಜಿ ನನ್ನ ಕೈಯಿಂದ ಹಾರಿ ಗೋಡೆಗೆ ಬಡಿದು ಚೂರಾಯಿತು. ನೀರು ನೆಲದ ತುಂಬ ಹರಿಯಿತು. ನಮ್ಮ ಮನೆಗಳ ನೆಲ ಕೊಳವೆಯ ಕಡೆ ಸ್ವಲ್ಪ ಇಳಿಜಾರಾಗಿರುತ್ತದೆ, ಚೆಲ್ಲಿದ್ದೂ ಸತ್ತವರಿಗೇ ಸೇರಲಿ ಎಂದು. ನೀರು ಆ ಕಡೆಗೇ ಹೊರಟಿತು. ಅವಳು ಕಿರುಚಿ ಕೊಳವೆಯ ಸುತ್ತ ಬಟ್ಟೆ ಒತ್ತಿದಳು, ಕೈ ಅಡ್ಡ ಇಟ್ಟಳು, ಕೊನೆಗೆ ಮೈಯನ್ನೇ ಅಡ್ಡ ಹಾಕಿ ಮಲಗಿಬಿಟ್ಟಳು. ಅಷ್ಟರಲ್ಲಿ ಒಂದು ಎಳೆ ನೀರು ಅವಳ ಮೊಣಕೈ ಕೆಳಗಿಂದ ನುಸುಳಿ ಕೊಳವೆಯೊಳಗೆ ಇಳಿದೇ ಹೋಯಿತು.

“ನೀನು ಅವರನ್ನ ಕೊಂದುಬಿಟ್ಟೆ,” ಅಂದಳು. ಕೂಗಲಿಲ್ಲ, ಪಿಸುಗುಟ್ಟಿದಳು. “ಹೆಸರು ಹಿಡಿದು ಕರೆದು ನೀರು ಬಿಟ್ಟುಬಿಟ್ಟೆ. ಬದುಕಿರೋರಿಗೆ ಯಾರಾದ್ರೂ ನೀರು ಬಿಡ್ತಾರೇನೋ ಪಾಪಿ?”

ದುದುವಿನ ಬಾಯಿ ತೆರೆದೇ ಉಳಿಯಿತು.

ನಾನು ಅವಳನ್ನು ಎಬ್ಬಿಸಿ ಕೂರಿಸಿದೆ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಸುಳ್ಳು ಹೆಣ, ಸುಳ್ಳು ಅಳು, ಬೋಳು ತಲೆ, ಎಲ್ಲವನ್ನೂ ಈ ಹೆಂಗಸು ಮಾಡಿ ಮುಗಿಸಿದ್ದಾಳೆ. ಸಾವಿನ ನೀರೊಂದನ್ನು ಬಿಡಲು ಮಾತ್ರ ಅವಳ ಕೈ ಬರಲಿಲ್ಲ. ನನ್ನ ಹೆಂಡತಿಯೂ ಅಷ್ಟೇ ಮಾಡುತ್ತಿದ್ದಳು.

“ಗೋರೀಲಿ ಏನಿದೆ?”

“ಚಾಪೆ. ಒಳಗೆ ಜೊಂಡಿನ ಕಟ್ಟು.” ಕಣ್ಣೀರು ಒರೆಸಿಕೊಳ್ಳಲೂ ಇಲ್ಲ. “ದೊರೇನ ಕೊಂದಾಗ ಅವರು ಬಟ್ಟಲು ಹಿಡ್ಕೊಂಡು ಅಲ್ಲೇ ನಿಂತಿದ್ರು. ಯಾರು ಯಾರು ಕೈ ಎತ್ತಿದ್ರೋ ಎಲ್ಲರ ಮುಖನೂ ನೋಡಿದಾರೆ. ನೋಡಿದೋರು ಉಳೀತಾರಾ? ಅದಕ್ಕೇ ನಾವೇ ಮೊದಲು ಸಾಯಿಸಿಬಿಟ್ವಿ. ನಾನು, ಅವರು, ಇಕುನ. ಮೂರೇ ಜನಕ್ಕೆ ಗೊತ್ತು.”

“ಉಬಾರನಿಗೆ?”

“ಹೇಳಿಲ್ಲ. ಅವನು ನಿಜವಾಗ್ಲೂ ಅತ್ತ. ಅವನ ಅಳು ನೋಡಿಯೇ ಊರು ನಂಬಿದ್ದು.”

“ಬಾಗಿಲ ಮುದ್ರೆ?”

ಅವಳು ಹೆಂಟೆಯ ಮೇಲೆ ಅಂಗೈ ಇಟ್ಟಳು.

“ಊರಾಚೆ ಇಟ್ಟಿಗೆ ಗೂಡಿನಲ್ಲಿ ಅಡಗಿದ್ರು. ಕನಸಲ್ಲಿ ದೊರೆ ಬಂದು ಖಾಲಿ ಬಟ್ಟಲು ಚಾಚ್ತಿದ್ರಂತೆ, ದಿನಾಲೂ. ತಡೀಲಾರದೆ ಒಂದಿನ ಕಳ್ಳನ ಹಾಗೆ ಹೋಗಿ ಆ ಕೋಣೇಲಿ ಒಂದು ಬಟ್ಟಲು ನೀರಿಟ್ರು. ಬಾಗಿಲಲ್ಲಿ ಮಗ ಕೂತಲ್ಲೇ ನಿದ್ದೆ ಹೋಗಿದ್ದ. ಅವನ ಮೈಮೇಲೆ ಕಂಬಳಿ ಎಳೆದು, ಬಾಗಿಲು ಹಾಕಿ, ಜೇಡಿ ಹಚ್ಚಿ, ಮುದ್ರೆ ಉರುಳಿಸಿ ಬಂದ್ರಂತೆ. ಜೀವಮಾನ ಪೂರ್ತಿ ಮಾಡಿದ ಕೆಲಸ ಅಲ್ವಾ ಸ್ವಾಮಿ, ಕೈ ತಾನಾಗೇ ಮಾಡ್ತು. ಬೀದಿಗೆ ಬಂದ ಮೇಲೆ ನೆನಪಾಯ್ತಂತೆ, ತಾನು ಸತ್ತಿದ್ದೀನಿ ಅಂತ.”

ದುದು ಗೋಡೆಗೆ ಒರಗಿ ಮೆಲ್ಲಗೆ ಕೂತುಕೊಂಡ.

ಅವಳದು ಅತ್ತ ದರಿ ಇತ್ತ ಪುಲಿ. ಗಂಡ ಬದುಕಿದ್ದಾನೆ ಎಂದರೆ ಮಗ ಉಳಿಯುತ್ತಾನೆ, ಗಂಡನನ್ನು ಆ ಮುಖಗಳು ಹುಡುಕಿಕೊಂಡು ಬರುತ್ತವೆ. ಬಾಯಿ ಮುಚ್ಚಿಕೊಂಡರೆ ಗಂಡ ಉಳಿಯುತ್ತಾನೆ, ಮಗ ಹೊಳೆಗೆ. ಹೊತ್ತು ಆಗಲೇ ನೆತ್ತಿಯಿಂದ ಇಳಿಯುತ್ತಿತ್ತು.

“ಈಗ ಎಲ್ಲಿದ್ದಾನೆ?”

“ಮೊನ್ನೆ ಸೆರೆಮನೆ ದಾರೀಲಿ ಸಿಕ್ಕಿದ್ರು. ‘ನಾನೇ ಬಂದು ಒಪ್ಪಿಸ್ಕೋತೀನಿ, ಮಗನ್ನ ಬಿಡಿಸ್ತೀನಿ. ಒಬ್ಬನೇ ಹೋದ್ರೆ ದಾರೀಲೇ ಮುಗಿಸ್ತಾರೆ, ಇಕುನನಿಗೆ ಹೇಳು, ಮನೇ ಹತ್ರ ಬರ್ಲಿ, ಜೊತೇಲಿ ಹೋಗ್ತೀವಿ’ ಅಂದ್ರು. ಹೇಳಿದೆ. ಆಮೇಲೆ ಅವರು ಪತ್ತೆನೇ ಇಲ್ಲ. ‘ಬರಲಿಲ್ಲ ಅತ್ತಿಗೆ, ಹೆದರಿರಬೇಕು’ ಅಂದ ಇಕುನ.” ತಟ್ಟನೆ ತಲೆ ಎತ್ತಿದಳು. “ಆದ್ರೆ ಇದಾರೆ! ಇವತ್ತು ಬೆಳಿಗ್ಗೆ ಕೂಡ ನಂಗೆ ಗುರುತು ಸಿಕ್ತು. ಎಲ್ಲೋ ಕ್ಷೇಮವಾಗಿದಾರೆ. ನೀನು ಈಗ ನೀರು ಬಿಡೋವರೆಗೂ ಇದ್ರು...”

“ಏನು ಗುರುತು?”

ಅವಳು ಕೊಳವೆಯನ್ನೇ ದಿಟ್ಟಿಸುತ್ತಿದ್ದಳು.

ನನಗೂ ಕೇಳಿಸಿತು. ಕೆಳಗೆ, ಮಣ್ಣಿನೊಳಗೆ, ಏನೋ ನೆಕ್ಕುವ ಸದ್ದು. ಆಮೇಲೆ ಒಂದು ಉಸಿರು. ಆಮೇಲೆ ಮಾತು.

“ಉಮ್ಮೀ... ನೀರು.”

ದುದು ಬಾಗಿಲ ತನಕ ತೆವಳಿಕೊಂಡು ಹೋದ. ನಾನು ಕಂಬಳಿ ಎಳೆದುಕೊಂಡ ಆ ಸಂಜೆಯ ದನಿಯೂ ಹೀಗೇ ಇತ್ತು ಅನ್ನಿಸಿತು.

“ನೋಡು, ಇದೇ,” ಅಂದಳು ಉಮ್ಮಿತಾಬ, ಕಿವಿ ಮುಚ್ಚಿಕೊಂಡು. “ಇದೇ ದನಿ. ಮೊನ್ನೆಯಿಂದ ಕೇಳ್ತಿದೆ, ನೀರು ನೀರು ಅಂತ. ನನ್ನ ಹೆಸರು ಹಿಡಿದು, ಅವರ ದನೀಲೇ. ಅವರು ಬಿಟ್ರೆ ಯಾರೂ ನನ್ನ ಉಮ್ಮಿ ಅನ್ನಲ್ಲ. ಸುಳ್ಳು ಗೋರಿ ಮಾಡಿದ್ವಲ್ಲ, ಅದರಲ್ಲಿ ಏನೋ ಬಂದು ಸೇರ್ಕೊಂಡಿದೆ. ನನ್ನ ಕೈಯಿಂದ್ಲೇ ನೀರು ಬಿಡಿಸಿ ಅವರನ್ನ ಸಾಯಿಸ್ಬೇಕು ಅಂತ. ನಾನು ಬಗ್ಗಲಿಲ್ಲ ಸ್ವಾಮಿ. ಅತ್ತು ಅತ್ತು ಕೇಳ್ತು. ಬಗ್ಗಲಿಲ್ಲ. ನಿನ್ನೆ ತಡೀಲಾರದೆ ಕೊಳವೆ ಬಾಯಿಗೆ ಜೇಡಿ ತುರುಕಿದೆ.”

ನಾನು ಸಾರಣೆಯ ಕಡೆ ನೋಡಿದೆ. ಬೇರೆ ಬಣ್ಣದ ಸಾರಣೆ, ಒಳಗೆ ತಂಪು.

“ಇಕುನ ನೆಲ ಸಾರಿಸಿದ್ದು ಯಾವತ್ತು?”

“ಮೊನ್ನೆ. ನಾನು ಸೆರೆಮನೆ ಬಾಗಿಲಲ್ಲಿ ಕೂತಿದ್ದಾಗ. ಬಂದು ನೋಡಿದ್ರೆ...”

ಅವಳ ಮಾತು ಅಲ್ಲಿಗೇ ನಿಂತಿತು. ನಾನು ಏನೂ ಹೇಳಬೇಕಾಗಲಿಲ್ಲ. ಅವಳ ಮುಖದಲ್ಲಿ ಆಗ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

“ದುದೂ! ಸಲಿಕೆ!”

ಮೊದಲ ಏಟು ದುದು ಹಾಕುವುದರೊಳಗೆ ಅವಳು ಉಗುರಿನಿಂದಲೇ ಮಣ್ಣು ಕೀಳತೊಡಗಿದ್ದಳು. ಯಾವ ಕೈ ಬಿದ್ದುಹೋಗಲಿ ಎಂದು ಶಪಿಸಿದ್ದಳೋ ಆ ಕೈಯನ್ನೇ ಹಿಡಿದು, “ಬೇಗ ಕಣಪ್ಪಾ, ಬೇಗ,” ಎಂದು ಗೋಗರೆದಳು. ಹಸಿ ಸಾರಣೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಕೆಳಗೆ ಮುಚ್ಚಿಗೆಯ ಇಟ್ಟಿಗೆಗಳು ಒಂದಕ್ಕೊಂದು ಕೂಡದೆ ಅಡ್ಡಾದಿಡ್ಡಿ ಬಿದ್ದಿದ್ದವು, ಅವಸರದಲ್ಲಿ ಜೋಡಿಸಿದಂತೆ. ದುದು ಎರಡೆರಡು ಇಟ್ಟಿಗೆಯನ್ನು ಒಟ್ಟಿಗೇ ಕಿತ್ತೆಸೆದ.

ಜೊಂಡಿನ ಕಟ್ಟಿನ ಮೇಲೆ ಇಷ್ಮೆ ಬಿದ್ದಿದ್ದ. ಹಿಂದಲೆಯಲ್ಲಿ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ಹೊಡೆದವನು ಇವನನ್ನು ಸತ್ತನೆಂದೇ ತಿಳಿದು ಹೂತಿರಬೇಕು. ಎಚ್ಚರವಾದ ಮೇಲೆ ಇವನು ಹೇಗೋ ತೆವಳಿ ಕೊಳವೆಯ ಕೆಳತುದಿಗೆ ಬಾಯಿ ಸೇರಿಸಿದ್ದ. ತುಟಿಗಳು ಸೀಳಿ ಬಿರಿದಿದ್ದವು. ನಾನು ಅವನ ಕುತ್ತಿಗೆಗೆ ಬೆರಳಿಟ್ಟೆ. ನಾಡಿ ಇತ್ತು, ಇದ್ದೂ ಇಲ್ಲದ ಹಾಗೆ.

“ಬದುಕಿದ್ದಾನೆ!”

ಉಮ್ಮಿತಾಬ ಗುಂಡಿಗೇ ಇಳಿದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ನಾನು ಕಣ್ರೀ. ಉಮ್ಮಿ. ನೀವು ಅಂತ ಗೊತ್ತಾಗ್ಲಿಲ್ಲ ಕಣ್ರೀ. ನೀವೇ ಅಂತ ಗೊತ್ತಾಗ್ಲಿಲ್ಲ.”

ಇಷ್ಮೆ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು. ಯಾವ ಮಾತು ಎಂದು ಕೇಳುವ ಅಗತ್ಯವಿರಲಿಲ್ಲ.

ನಾನು ಸುತ್ತ ನೋಡಿದೆ. ಮನೆಯಲ್ಲಿದ್ದ ನೀರೆಲ್ಲ ನೆಲ ಕುಡಿದಿತ್ತು, ಹೂಜಿಯ ಚೂರುಗಳು ಆಗಲೇ ಒಣಗುತ್ತಿದ್ದವು. “ಓಣಿ ಬಾವಿಗೆ ಓಡು!” ಎಂದೆ. ದುದು ಓಡಿದ.

ನನ್ನ ಕಣ್ಣು ಇಷ್ಮೆಯ ಬಲ ಮುಂಗೈ ಮೇಲೆ ನಿಂತಿತು. ದಾರ ಕಟ್ಟಿ ಕಟ್ಟಿ ಬೆಳ್ಳಗಾದ ಗೆರೆ ಇತ್ತು. ದಾರ ಇರಲಿಲ್ಲ. ಮುದ್ರೆ ಇರಲಿಲ್ಲ.

ಉಮ್ಮಿತಾಬ ಬಾವಿಯ ನೀರಿಗೆ ಕಾಯಲಿಲ್ಲ. ಗುಂಡಿಯಿಂದ ಹಾರಿ ಬಂದು ನೆರಳಿನ ಮೂಲೆಯ ಗಡಿಗೆಯನ್ನು ಎತ್ತಿಕೊಂಡು, ಒದ್ದೆ ಬಟ್ಟೆ ಕಿತ್ತೆಸೆದು, ಬಾಯಿ ಮುಚ್ಚಿದ್ದ ಜೇಡಿಯನ್ನು ಇಟ್ಟಿಗೆಯ ಅಂಚಿಗೆ ಕುಟ್ಟಿ ಒಡೆದಳು. ಖರ್ಜೂರದ ಸಿಹಿ ವಾಸನೆ ಮನೆ ತುಂಬಿತು. ಅವಳು ಅಳುತ್ತಲೂ ನಗುತ್ತಲೂ ಮತ್ತೆ ಗುಂಡಿಗೆ ಇಳಿದಳು.

“ನೀವೇ ಕಳಿಸಿದ್ದು ಕಣ್ರೀ. ಬೆಳಿಗ್ಗೆ ಹೊಸ್ತಿಲ ಮೇಲಿತ್ತು. ನಿಮ್ಮ ಗುರುತು ನೋಡಿ ನಂಗೆ ಜೀವ ಬಂದಂಗಾಯ್ತು. ಮಗನಿಗೆ ಅಂತಲ್ವಾ ಕಳಿಸಿದ್ರಿ? ಇರ್ಲಿ, ಮೊದಲು ನೀವು ಕುಡೀರಿ.”

ಒಡೆದ ಜೇಡಿಯ ತುಂಡೊಂದು ಉರುಳಿ ಬಂದು ನನ್ನ ಪಾದಕ್ಕೆ ತಾಗಿತು. ಬಗ್ಗಿ ಎತ್ತಿಕೊಂಡೆ. ಇನ್ನೂ ಮೆತ್ತಗಿತ್ತು. ಗೂಳಿಯ ಮೈ, ಮನುಷ್ಯನ ಮುಖ, ಕೈಯಲ್ಲಿ ಕೊಡ. ಎಡಗೊಂಬು ಮುಕ್ಕು. ಆದರೆ ಅಚ್ಚು ಸೊಟ್ಟಗಿತ್ತು, ಅಂಚನ್ನು ಯಾರೂ ಹೆಬ್ಬೆರಳಿನಿಂದ ಒತ್ತಿರಲಿಲ್ಲ.

ಮೊನ್ನೆಯಿಂದ ನೆಲದಡಿ ಬಿದ್ದಿದ್ದವನು ಬೆಳಿಗ್ಗೆ ಹೆಂಡ ಕಳಿಸುವುದುಂಟೇ?

ಆ ಗಡಿಗೆ ಉಬಾರನಿಗಾಗಿ ಬಂದದ್ದು. ಗಂಡನ ಗುರುತು ಕಂಡರೆ ತಾಯಿ ಹಿಂದೆಮುಂದೆ ನೋಡದೆ ತನ್ನ ಕೈಯಾರೆ ಮಗನಿಗೆ ಕುಡಿಸುತ್ತಾಳೆ ಎಂದು ಬಲ್ಲವನೇ, ಅಣ್ಣನ ಮುದ್ರೆ ಕಸಿದುಕೊಂಡವನೇ, ವಿಷ ಬೆರೆಸಿ ಅದನ್ನು ಇಟ್ಟುಹೋಗಿದ್ದಾನೆ. ಹೊಳೆಗೆ ಇಳಿಯುವ ಮೊದಲೇ ಹುಡುಗ ಸತ್ತು ಬಿದ್ದಿದ್ದರೆ, ಗಡಿಗೆಯ ಮೇಲೆ ಸತ್ತವನ ಮುದ್ರೆ ಕಂಡು ಊರು ಒಂದೇ ಮಾತು ಹೇಳುತ್ತಿತ್ತು: ನೀರು ಸಿಗದ ಅಪ್ಪ ಮಗನನ್ನು ಕರೆದುಕೊಂಡ. ಆಮೇಲೆ ಈ ಗೋರಿಗೆ ಸಲಿಕೆ ಹಾಕುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

“ಕೊಡಬೇಡ!” ಎಂದು ಕೂಗಿದೆ. “ಉಮ್ಮಿತಾಬ, ಕೊಡಬೇಡ! ಅದು ಅವನು ಕಳಿಸಿದ್ದಲ್ಲ!”

ಅವಳು ನನ್ನ ಕಡೆ ನೋಡಿದಳು. ಮಾತು ಕೇಳಿಸಿತ್ತು. ಆದರೆ ಮೊನ್ನೆಯಿಂದ ಅವನು ಬೇಡಿದಾಗಲೆಲ್ಲ ಕೊಡದೆ ಕೂತಿದ್ದವಳು ಅವಳು. ಇನ್ನು ಕೊಡಬೇಡ ಎಂದು ಯಾರು ಹೇಳಿದರೂ ಅವಳ ಕೈ ನಿಲ್ಲುವಂತಿರಲಿಲ್ಲ.

ನಾನು ಗುಂಡಿಗೆ ಧುಮುಕಿದೆ. ಗಡಿಗೆ ಆಗಲೇ ಅವನ ತುಟಿಯ ಮೇಲಿತ್ತು. ಇಷ್ಮೆಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.